ಇಳಿಯುವ ಮೆಟ್ಟಿಲು: ಪ್ರೈಮ್ ಐಡಿಯಲ್‌ಗಳ ಒಂದು ತಕರಾರು



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರ ಎದುರು ನಾನು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅವರ ಹೆಸರಿನ ವೇದಿಕೆಗೆ ಕರೆದಿದ್ದೀರಿ, ಋಣಿಯಾಗಿದ್ದೇನೆ.

ಮೂಲ ಸಂಗತಿಗಳನ್ನು ಬೇಗ ದಾಟುತ್ತೇನೆ. ಅಟಿಯಾ–ಮ್ಯಾಕ್‌ಡೊನಾಲ್ಡ್ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಎಲ್ಲವೂ ಇವೆ. ಪೂರ್ಣಾಂಕಗಳ ಮೇಲೆ ಗೌಸ್‌ನ ಪೂರ್ಣಾಂಕಗಳನ್ನು ಕಟ್ಟಿದರೆ 5ರ ಮೇಲೆ ಎರಡು ಪ್ರೈಮ್‌ಗಳು ಕೂರುತ್ತವೆ, 3ರ ಮೇಲೆ ಒಂದು, 2ರ ಮೇಲೆಯೂ ಒಂದೇ. ಇಂಟೆಗ್ರಲ್ ವಿಸ್ತರಣೆಯಲ್ಲಿ ಯಾವ ಪ್ರೈಮಿನ ನೆತ್ತಿಯೂ ಬರಿದಾಗಿರುವುದಿಲ್ಲ. ಒಂದೇ ಪ್ರೈಮಿನ ಮೇಲಿರುವ ಎರಡರಲ್ಲಿ ಒಂದು ಇನ್ನೊಂದರೊಳಗೆ ಅಡಗುವುದಿಲ್ಲ. ಮೇಲೇರುವ ಸರಪಳಿ ಎಂದೂ ತುಂಡಾಗುವುದಿಲ್ಲ. ಕ್ರುಲ್ 1937ರಲ್ಲಿ ಡೊಮೇನ್‌ಗಳಿಗೆ ತೋರಿಸಿದ್ದನ್ನು ಕೋಹೆನ್ ಮತ್ತು ಸೈಡೆನ್‌ಬರ್ಗ್ 1946ರಲ್ಲಿ ಶೂನ್ಯಭಾಜಕಗಳಿರುವ ರಿಂಗ್‌ಗಳಿಗೂ ಒಯ್ದರು.

ನನ್ನ ತಕರಾರು ಇಳಿಯುವುದರ ಬಗ್ಗೆ. ಕೆಳಗಿನ ರಿಂಗಿನಲ್ಲಿ ಒಂದು ಪ್ರೈಮ್, ಅದರೊಳಗೆ ಇನ್ನೊಂದು ಚಿಕ್ಕದು. ದೊಡ್ಡದರ ಮೇಲಿರುವ ಯಾವುದನ್ನೇ ಹಿಡಿದರೂ ಅದರೊಳಗೆ ಚಿಕ್ಕದರ ಮೇಲಿನದು ಸಿಗಬೇಕು. ಇದಕ್ಕೆ ಕೆಳಗಿನ ರಿಂಗ್ ನಾರ್ಮಲ್ ಆಗಿರಬೇಕೆಂದು ಪುಸ್ತಕಗಳು ಷರತ್ತು ಹಾಕುತ್ತವೆ. ಆಮೇಲೆ ಆ ಷರತ್ತು ಏಕೆ ಬೇಕೆಂಬುದನ್ನು ಬಹುಪದಿಯ ಗುಣಾಂಕಗಳ ಸಂದಿಯಲ್ಲಿ ಬಚ್ಚಿಡುತ್ತವೆ.

ಷರತ್ತು ಮುರಿದರೆ ಏನಾಗುತ್ತದೆಂದು ನೋಡಲು ಒಂದು ಹಾಳೆ ತೆಗೆದುಕೊಳ್ಳಿ. ಎರಡು ಲಂಬಗೆರೆ ಎಳೆದು, ಒಂದೇ ಎತ್ತರದ ಬಿಂದುಗಳು ಕೂಡುವಂತೆ ಗೆರೆಗೆ ಗೆರೆ ಅಂಟಿಸಿ. ಅಂಟಿಸಿದ ಹಾಳೆಯೇ ಕೆಳಗಿನ ರಿಂಗ್, ಬಿಡಿಸಿದ ಹಾಳೆ ಮೇಲಿನದು. ಬಿಂದುವೆಂದರೆ ದೊಡ್ಡ ಪ್ರೈಮ್, ಗೆರೆಯೆಂದರೆ ಚಿಕ್ಕದು. ಈಗ ಓರೆಗೆರೆಯೊಂದನ್ನೆಳೆಯಿರಿ. ಅದು ಎಡಗೆರೆಯನ್ನು ಕೆಳಗೆ ಮುಟ್ಟುತ್ತದೆ, ಬಲಗೆರೆಯನ್ನು ಮೇಲೆ. ಎಡಗಡೆ ಮುಟ್ಟಿದ ಬಿಂದುವಿನ ಜೊತೆಗಾರ ಬಲಗೆರೆಯ ಮೇಲೆ, ಅದೇ ಎತ್ತರದಲ್ಲಿ ಕೂತಿದೆ. ಅಂಟಿಸಿದಾಗ ಓರೆಗೆರೆ ಅದರ ಮೂಲಕವೂ ಹಾದಂತೆ ಕಾಣುತ್ತದೆ; ಬಿಡಿಸಿದರೆ ಅಲ್ಲಿ ಗೆರೆಯೇ ಇಲ್ಲ. ಇಳಿಯಲು ಮೆಟ್ಟಿಲಿಲ್ಲ.

ಚಿತ್ರ ಮೋಸ ಮಾಡುತ್ತದೆಂದು ಬಹುಪದಿ ಪಕ್ಷದವರು ಹೇಳುತ್ತಾರೆ. ಚಿತ್ರ ಬೇಡವಾದರೆ ಗಾಲ್ವಾ ಗುಂಪನ್ನು ಕೇಳೋಣ. ತಳ ನಾರ್ಮಲ್ ಆಗಿದ್ದು ಮೇಲಿನದು ಗಾಲ್ವಾ ವಿಸ್ತರಣೆಯಾಗಿದ್ದರೆ, ಒಂದೇ ಪ್ರೈಮಿನ ಮೇಲಿನವರನ್ನೆಲ್ಲ ಗುಂಪು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುತ್ತದೆ. ಎಲ್ಲೋ ಸಿಕ್ಕ ಮೆಟ್ಟಿಲನ್ನು ಬೇಕಾದಲ್ಲಿಗೆ ಸಾಗಿಸಬಹುದು. ಹಾಳೆಯಲ್ಲಾದರೋ ಎರಡೂ ರಿಂಗ್‌ಗಳ ಭಾಗಲಬ್ಧ ಕ್ಷೇತ್ರ ಒಂದೇ. ಗುಂಪಿನಲ್ಲಿ ತದ್ರೂಪ ಚಲನೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಬಿಂದುಗಳು ಎರಡು, ಸಾಗಿಸುವವರು ಯಾರೂ ಇಲ್ಲ. ಇನ್ಸೆಪರಬಲ್ ಭಾಗದ ಗೊಡವೆ ತೆಗೆಯುವವರಿಗೆ ಒಂದು ಮಾತು: ಶುದ್ಧ ಇನ್ಸೆಪರಬಲ್ ವಿಸ್ತರಣೆಯಲ್ಲಿ ಒಂದರ ಮೇಲೆ ಒಂದೇ ಪ್ರೈಮ್, ಜಗಳಕ್ಕೆ ಜಾಗವೇ ಇಲ್ಲ.

ಇನ್ನು ಫ್ಲ್ಯಾಟ್ ಪಕ್ಷ. ಇಳಿಯುವುದಕ್ಕೆ ನಿಜವಾದ ಕಾರಣ ಫ್ಲ್ಯಾಟ್‌ನೆಸ್, ನಾರ್ಮಲ್ ಎಂಬುದು ಹಳೆಯ ಕಾಲದ ವೇಷವೆಂದು ಅವರ ವಾದ. ಎರಡು ಚರಗಳ ಬಹುಪದಿ ರಿಂಗಿನಲ್ಲಿ ಸಮ ಡಿಗ್ರಿಯ ಪದಗಳಷ್ಟೇ ಇರುವ ಉಪರಿಂಗನ್ನು ನೋಡಿ. ಅದು ನಾರ್ಮಲ್, ಇಳಿಯುವುದು ಸಲೀಸು. ಆದರೆ ಕ್ಷೇತ್ರಗಳ ನಡುವಿನ ಡಿಗ್ರಿ 2; ಮೂಲಬಿಂದುವಿನ ಮೇಲಿನ ನಾರಿನಲ್ಲಿ 1 ಮತ್ತು ಎರಡು ಚರಗಳು ಸೇರಿ ಆಯಾಮ 3. ಫ್ಲ್ಯಾಟ್ ಆಗಿದ್ದರೆ ಎರಡೂ ಒಂದೇ ಆಗಬೇಕಿತ್ತು.

ಮೇಷ್ಟ್ರಿದ್ದಿದ್ದರೆ ಇಲ್ಲಿ ಕೈಯೆತ್ತುತ್ತಿದ್ದರು: ‘ಸರಿ ಕಣಯ್ಯ, ತಳ ನಾರ್ಮಲ್ ಅಲ್ಲ, ಮೇಲಿನದು ಅದರ ಮೇಲೆ ಫ್ರೀ ಮಾಡ್ಯೂಲ್. ಆಗ?’ ಆಗಲೂ ಇಳಿಯಬಹುದು, ಸಾರ್. ಅಲ್ಲಿ ನನ್ನ ಗುಂಪಿಗೆ ಕೆಲಸವಿಲ್ಲ.