ಮಾಲಿಗೊಂದು ನ್ಯಾಯ, ಗುಡಿಸಲಿಗೊಂದು ನ್ಯಾಯ
(ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಕೋರ್ಟು ಅಂದರೆ ನಮ್ಮ ಕೇರಿಗಳಿಗೆ ನೆನಪಾಗೋದು ಎರಡೇ: ಸುಳ್ಳು ಕೇಸು, ಎತ್ತಂಗಡಿ ನೋಟೀಸು. ಮಾಲುಗಳ ಪ್ಲಾನಿನ ಮೇಲೆ ಹೂಡಿದ ದಾವೆಗಳ ಮಾತು ನಮಗ್ಯಾಕೆ ಅಂತ ಕೆಲವರು ಕೇಳಿದರು. ಅದು ನೆಲದ ಪ್ರಶ್ನೆ, ಅದಕ್ಕೆ.

ನಮ್ಮ ಉಡುಪಿಯಿಂದಲೇ ಶುರು ಮಾಡೋಣ. ಅದು ಮಾಲಲ್ಲ, ಸಿನಿಮಾ ಟಾಕೀಸಿನ ಕತೆ. ಆದರೆ ಮುಂದಿನ ಕೇಸುಗಳಿಗೆಲ್ಲ ಬೇರು ಅಲ್ಲಿದೆ. ಕಲ್ಯಾಣ ಮಂಟಪ ಅಂತ ಪಾಸಾದ ಪ್ಲಾನನ್ನು ಟಾಕೀಸಿಗೆ ಬದಲಾಯಿಸೋಕೆ ಪುರಸಭೆ ಒಪ್ಪಿಗೆ ಕೊಟ್ಟಿತು. ನಗರ ಯೋಜನೆಯಲ್ಲಿ ಅದು ವಾಸದ ಮನೆಗಳ ಪ್ರದೇಶ. ಅಲ್ಲಿನ ನಿವಾಸಿಯೊಬ್ಬರು ಕೋರ್ಟಿಗೆ ಹೋದರು. ಒಪ್ಪಿಗೆ ಯೋಜನೆಗೆ ವಿರುದ್ಧವೇ ಹೌದು, ಆದರೆ ಮಾಲೀಕರು ದುಡ್ಡು ಸುರಿದಿರಬೇಕು ಅಂತ ಹೈಕೋರ್ಟು ಕೈಬಿಟ್ಟಿತು. 1974ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಖರ್ಚಾಗಿದೆ ಅನ್ನೋ ಕಾರಣಕ್ಕೆ ಕಾನೂನು ಮೀರಿದ ಒಪ್ಪಿಗೆ ಸಕ್ರಮವಾಗೋದಿಲ್ಲ, ಅಲ್ಲಿ ವಾಸ ಮಾಡೋನಿಗೆ ಕೇಳೋ ಹಕ್ಕಿದೆ ಅಂದಿತು. ಈ ಎರಡು ಮಾತನ್ನು ಬರೆದಿಟ್ಟುಕೊಳ್ಳಿ.

ಲಕ್ನೋದ ಅಮೀನಾಬಾದಿನಲ್ಲಿ ಸ್ವಾತಂತ್ರ್ಯ ಹೋರಾಟದ ಸಭೆಗಳು ನಡೆದ ಒಂದು ಉದ್ಯಾನವಿದೆ. 1993ರಲ್ಲಿ ಅಲ್ಲಿನ ಮಹಾಪಾಲಿಕೆ ಟೆಂಡರೂ ಕರೆಯದೆ, ಅದರ ನೆಲದಡಿ ಅಂಗಡಿ ಸಂಕೀರ್ಣ ಕಟ್ಟೋಕೆ ಒಬ್ಬ ಬಿಲ್ಡರಿಗೆ ಬರೆದುಕೊಟ್ಟಿತು. 1999ರಲ್ಲಿ ಸುಪ್ರೀಂ ಕೋರ್ಟು, ಉದ್ಯಾನ ಜನರ ಸ್ವತ್ತು, ಪಾಲಿಕೆ ಅದರ ಕಾವಲುಗಾರ ಅಷ್ಟೇ. ಕಟ್ಟಿದ್ದನ್ನು ಕೆಡವಿ ಉದ್ಯಾನ ಮತ್ತೆ ಮಾಡಿ ಅಂದಿತು. ಇದೂ ಸರಿ.

ಇನ್ನು ದೆಹಲಿಗೆ ಬನ್ನಿ. ವಸಂತ್ ಕುಂಜ್‌ನಲ್ಲಿ ಪರಿಸರ ಅನುಮತಿ ಇಲ್ಲದೆಯೇ ಮಾಲುಗಳು ಮೇಲೆದ್ದಿದ್ದವು. ಜಾಗ ಹರಾಜು ಹಾಕಿದ್ದೇ ಸರ್ಕಾರದ ಪ್ರಾಧಿಕಾರ. ಇಂಥಾ ದೊಡ್ಡ ಸಂಕೀರ್ಣ ಅಲ್ಲಿ ಪರಿಸರಕ್ಕೆ ಹೊಂದೋದಿಲ್ಲ ಅಂತ ತಜ್ಞರ ಸಮಿತಿಯೇ ಹೇಳಿತ್ತು. ಆದರೂ 2006ರ ಅಕ್ಟೋಬರಿನಲ್ಲಿ ಅದೇ ಸುಪ್ರೀಂ ಕೋರ್ಟು, ಅಪಾರ ಹಣ ಹೂಡಿಕೆಯಾಗಿದೆ ಅಂತ ಮಾಲುಗಳನ್ನು ಉಳಿಸಿತು. ಉಡುಪಿಯಲ್ಲಿ ನಡೆಯದ ವಾದ ದೆಹಲಿಯಲ್ಲಿ ಹೇಗೆ ನಡೀತು?

ಅದೇ ದೆಹಲಿಯಲ್ಲಿ 2004ರಲ್ಲಿ ಯಮುನಾ ದಡದ ಸಾವಿರಾರು ಗುಡಿಸಲುಗಳನ್ನು ಕೆಡವಿದರು. ಅಲ್ಲಿನವರು ಕೂಲಿ ಹಣವನ್ನು ತಗಡಿಗೆ, ಇಟ್ಟಿಗೆಗೆ ಹಾಕಿದ್ದರು. ಅದು ಹೂಡಿಕೆ ಅಲ್ಲವಂತೆ! ಒತ್ತುವರಿ ಮಾಡಿದವನಿಗೆ ಪುಕ್ಕಟೆ ನಿವೇಶನ ಕೊಡೋದು ಜೇಬುಗಳ್ಳನಿಗೆ ಇನಾಮು ಕೊಟ್ಟ ಹಾಗೆ ಅನ್ನೋ ಮಾತು 2000ದಲ್ಲೇ ಸುಪ್ರೀಂ ಕೋರ್ಟಿನಿಂದ ಬಂದಿತ್ತು. ಅನುಮತಿ ಇಲ್ಲದೆ ಮಾಲು ಕಟ್ಟಿದವನಿಗೆ ಆ ಹೆಸರು ಯಾರೂ ಇಡಲಿಲ್ಲ. 1985ರಲ್ಲಿ ಮುಂಬಯಿ ಫುಟ್‌ಪಾತಿನ ಜನರ ಕೇಸಿನಲ್ಲಿ, ಜೀವಿಸೋ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಇದೆ ಅಂತ ಒಪ್ಪಿತ್ತು ಇದೇ ಕೋರ್ಟು. ಒಪ್ಪಿ, ಎತ್ತಂಗಡಿಗೂ ದಾರಿ ಬಿಟ್ಟಿತ್ತು. (ಮಾಲಿನ ಕಕ್ಕಸು ತೊಳೆಯೋಕೆ ಮಾತ್ರ ನಮ್ಮೋರೇ ಬೇಕು.)

ಹಾಗಂತ ಕೋರ್ಟಿನ ಮೆಟ್ಟಿಲು ಹತ್ತಬೇಡಿ ಅಂತ ನಾವು ಹೇಳೋದಿಲ್ಲ. ತಡವಾಗಿ ಹತ್ತಬೇಡಿ ಅಂತೀವಿ. ಕಾಂಕ್ರೀಟು ಬಿದ್ದ ಮೇಲೆ ದುಡ್ಡೇ ಸಾಕ್ಷಿ ಹೇಳುತ್ತೆ. ನಮ್ಮ ರಾಜ್ಯದ 1961ರ ನಗರ ಯೋಜನಾ ಕಾಯಿದೆ ಪ್ರಕಾರ ಕರಡು ಯೋಜನೆ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೀಬೇಕು. ಆಗ ನಮ್ಮ ಕೇರಿಯಿಂದ ಒಂದು ಅರ್ಜಿಯೂ ಹೋಗಿರೋದಿಲ್ಲ. ಕೇರಿ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ, ವಾಸಕ್ಕೋ ವ್ಯಾಪಾರಕ್ಕೋ, ಹೋಗಿ ನೋಡಿ. ಮಾಹಿತಿ ಹಕ್ಕಿನಲ್ಲಿ ಪ್ಲಾನಿನ ನಕಲು ಕೇಳಿ. ಸ್ವೀಕೃತಿ ಮುದ್ರೆ ಒತ್ತಿಸದೆ ಅರ್ಜಿ ಕೊಡಬೇಡಿ.

ಸರ್ವೆ ನಂಬರು ಬರೆದು ತಂದಿರೋರು ಊಟ ಆದಮೇಲೆ ಇಲ್ಲೇ ಇರಿ. ಕಾಗದ, ಕಾರ್ಬನ್ ತಂದಿದ್ದೀವಿ.