ಉಂಟು–ಇಲ್ಲಗಳ ಒರೆಗಲ್ಲು



ಮಠಕ್ಕೆ ಬರುವ ತಂದೆತಾಯಿಗಳಲ್ಲಿ ಕೆಲವರು ಒಂದು ಚಿಂತೆಯನ್ನು ಹೊತ್ತು ತರುತ್ತಾರೆ. ‘ಬುದ್ಧೀ, ನಮ್ಮ ಹುಡುಗ ದೇವರೇ ಇಲ್ಲ ಅನ್ನುತ್ತಾನೆ. ಓದಿ ಕೆಟ್ಟ. ತಾವೇ ನಾಲ್ಕು ಮಾತು ಹೇಳಬೇಕು’ ಎನ್ನುತ್ತಾರೆ.

ಪ್ರಶ್ನೆ ಕೇಳಿದ ಮಾತ್ರಕ್ಕೆ ಯಾರೂ ಕೆಡುವುದಿಲ್ಲ. ಶೂನ್ಯಸಂಪಾದನೆಯನ್ನು ತೆರೆದು ನೋಡಿ; ಅದೆಲ್ಲವೂ ಸಂವಾದವೇ. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾಗಿದ್ದ ಸೊನ್ನಲಿಗೆಯ ಸಿದ್ಧರಾಮಯ್ಯನವರನ್ನೂ ಅಲ್ಲಮಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ಚಿನ್ನವನ್ನು ಒರೆಗೆ ಹಚ್ಚುವುದು ಅದರ ಬೆಲೆ ತಿಳಿಯಲಿ ಎಂದು.

ಹಾಗಾದರೆ ದೇವರಿಲ್ಲ ಎಂಬ ಮಾತನ್ನು ಯಾವ ಒರೆಗೆ ಹಚ್ಚಬೇಕು? ನಡೆದ ಸಂಗತಿಯೊಂದನ್ನು ಕೇಳಿ. ಗೋಪರಾಜು ರಾಮಚಂದ್ರರಾವ್ ಎಂಬುವರಿದ್ದರು. ಗೋರಾ ಎಂದೇ ಪ್ರಸಿದ್ಧರು. 1902ರಲ್ಲಿ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ದೇವರಿಲ್ಲವೆಂದು ಬಹಿರಂಗವಾಗಿ ಹೇಳಿ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಆಂಧ್ರದ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ತೆರೆದರು. 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡರು.

ರಾಮನಾಮವೇ ಉಸಿರಾಗಿದ್ದ ಗಾಂಧೀಜಿ ಈ ನಾಸ್ತಿಕನನ್ನು ದೂರವಿಡಲಿಲ್ಲ. ದೇವರೇ ಸತ್ಯ ಎನ್ನುತ್ತಿದ್ದ ಅವರು, 1931ರಲ್ಲಿ ಸ್ವಿಟ್ಜರ್ಲೆಂಡಿನ ಸಭೆಯೊಂದರಲ್ಲಿ, ಸತ್ಯವೇ ದೇವರು ಎಂದು ಮಾತನ್ನು ತಿರುಗಿಸಿ ವಿವರಿಸಿದ್ದರು. ದೇವರನ್ನು ಅಲ್ಲಗಳೆಯುವವರೂ ಸತ್ಯವನ್ನು ಅಲ್ಲಗಳೆಯಲಾರರು ಎಂಬುದು ಅವರು ಕೊಟ್ಟ ಕಾರಣ.

ಮುಂದೆ ಗೋರಾ ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದರು. ಆ ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ಮುಂದೆ ನಿಂತು ಮಾಡಿಸಲು ಗಾಂಧೀಜಿ ಒಪ್ಪಿದರು. ದೇವರ ಹೆಸರಿದ್ದ ಕಡೆ ಸತ್ಯದ ಹೆಸರು ಹೇಳಿಸಲೂ ಒಪ್ಪಿದರು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಆದರೂ ಅದೇ ಮಾರ್ಚಿಯಲ್ಲಿ, ಸೇವಾಗ್ರಾಮದಲ್ಲಿಯೇ ಮದುವೆ ನಡೆಯಿತು.

ಇದನ್ನು ಕೇಳಿದಾಗ ನಮಗೆ ಕಲ್ಯಾಣ ನೆನಪಾಗಬೇಡವೇ? ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರು ಮಗಳನ್ನು ಕೊಟ್ಟರು. ಆ ಮದುವೆಗಾಗಿ ಶರಣರು ಪ್ರಾಣವನ್ನೇ ತೆತ್ತರು. ಶರಣರು ದೇವರನ್ನು ನಂಬಿ ಮಾಡಿದ ಕಾರ್ಯವನ್ನು ಗೋರಾ ನಂಬದೆಯೇ ಮಾಡಿದರು. ನಾವಾದರೋ ವಿಭೂತಿ ಧರಿಸುತ್ತೇವೆ, ಲಿಂಗಪೂಜೆ ಮುಗಿಸುತ್ತೇವೆ. ಸಂಬಂಧ ನೋಡುವಾಗ ಮಾತ್ರ ‘ಯಾವ ಪಂಗಡ?’ ಎಂದು ಕೇಳುತ್ತೇವೆ. ನಮ್ಮ ದೇವರು ಬಾಯಲ್ಲಿ ಉಂಟು, ನಡೆಯಲ್ಲಿ ಇಲ್ಲ. ಹೀಗಿರುವಾಗ ಮಗನನ್ನು ನಾಸ್ತಿಕನೆಂದು ಹಳಿಯುವ ಅಧಿಕಾರ ನಮಗೆಲ್ಲಿಯದು?

ಹಾಗೆಂದು ಎಲ್ಲ ಸಂಶಯವೂ ಹಿರಿದೆಂದು ತಿಳಿಯಬೇಡಿ. ಪೂಜೆ ಬೇಸರವಾಗಿ, ನೇಮ ಭಾರವಾಗಿ ದೇವರಿಲ್ಲ ಅನ್ನುವವರೂ ಇದ್ದಾರೆ. ಅದು ಬರಿಯ ಸೋಮಾರಿತನ. ಬಾವಿ ತೋಡುವವನಿಗೂ ನೀರು ಬಂದೀತೋ ಇಲ್ಲವೋ ಎಂಬ ಸಂಶಯ ಇದ್ದೇ ಇರುತ್ತದೆ. ಆದರೂ ಅವನು ಗುದ್ದಲಿ ಬಿಡುವುದಿಲ್ಲ. ದಂಡೆಯಲ್ಲಿ ಕುಳಿತು ಉಂಟು ಎಂದವನಿಗೂ ನೀರಿಲ್ಲ, ಇಲ್ಲ ಎಂದವನಿಗೂ ನೀರಿಲ್ಲ.

ಆದುದರಿಂದ ಮಗ ಪ್ರಶ್ನೆ ಕೇಳಿದರೆ ಗದರಿಸಬೇಡಿ. ‘ನಿನಗೆ ಸತ್ಯವೆಂದು ಕಂಡದ್ದನ್ನು ನಡೆದು ತೋರಿಸಪ್ಪಾ’ ಎನ್ನಿ. ನೀವು ನಂಬಿದ್ದನ್ನು ನೀವೂ ನಡೆದು ತೋರಿಸಿ. ದೇವರಿದ್ದಾನೆ ಎಂಬುದಕ್ಕೆ ಆ ಮಗು ಹುಡುಕುತ್ತಿರುವ ಸಾಕ್ಷಿ ನಿಮ್ಮ ಮನೆಯ ನಡೆಯಲ್ಲಿ ಅವನಿಗೆ ಸಿಗಲಿ.