ಅಳಿಯಕಟ್ಟು ಮತ್ತು ಜೀವವಿಕಾಸ



ಮನುಷ್ಯನ ವಾತ್ಸಲ್ಯ, ಸಹಾನುಭೂತಿ, ಕುಲಾಭಿಮಾನಗಳೂ ಅವನ ಅಸ್ಥಿಸ್ನಾಯುಗಳಂತೆಯೇ ಜೀವವಿಕಾಸದ ಸುದೀರ್ಘ ಕ್ರಮದಲ್ಲಿ ರೂಪುಗೊಂಡುವೆಂಬ ವಿಚಾರವನ್ನು ಡಾರ್ವಿನ್ನನು 1871ರಲ್ಲಿಯೇ ಮಂಡಿಸಿದ್ದನು. ಅದನ್ನು ಪರೀಕ್ಷಿಸಿ ನೋಡಲು ನಮ್ಮ ತುಳುನಾಡಿನಷ್ಟು ಉಚಿತವಾದ ಕ್ಷೇತ್ರ ವಿರಳವೆಂಬುದು ನನ್ನ ನಂಬಿಕೆ. ಬಂಟವಾಳ ಸೀಮೆಯ ನಂದಾವರದ ಬಂಗರು, ಬೆಳ್ತಂಗಡಿ ಸೀಮೆಯ ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು, ಈ ಮೂರು ಜೈನ ಅರಸುಮನೆತನಗಳಲ್ಲಿಯೂ ಪಟ್ಟವು ಸೋದರಮಾವನಿಂದ ಸೋದರಳಿಯನಿಗೆ ಸಲ್ಲುತ್ತಿದ್ದಿತು. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನ ವಂಶವೂ, ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನ ವಂಶವೂ ಅಳಿಯಕಟ್ಟು ಅಥವಾ ಅಳಿಯಸಂತಾನವೆಂಬ ಈ ಕಟ್ಟಿಗೆ ಒಳಪಟ್ಟವುಗಳೇ. ಬಂಟರ ಗುತ್ತುಮನೆಗಳಲ್ಲಿ, ಬಿಲ್ಲವರ ಮನೆಗಳಲ್ಲಿ ಮಕ್ಕಳು ತಾಯಿಯ ಬರಿಗೆ, ಎಂದರೆ ಕುಲಕ್ಕೆ, ಸೇರಿದರು. ಯಜಮಾನನು ಆಜೀವನ ಕಾಪಾಡಿದ ಕುಟುಂಬದ ನೆಲ ಅವನ ಮಕ್ಕಳಿಗಲ್ಲ, ಅವನ ಒಡಹುಟ್ಟಿದವಳ ಸಂತತಿಗೆ ಉಳಿಯಿತು.

ಹ್ಯಾಮಿಲ್ಟನ್ ಎಂಬ ಆಂಗ್ಲ ವಿಜ್ಞಾನಿ 1964ರಲ್ಲಿ ತೋರಿಸಿದಂತೆ, ಸಂಬಂಧಿಗೆ ಆಗುವ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದಾಗ ಬರುವ ಗುಣಲಬ್ಧವು ತ್ಯಾಗಿಯ ನಷ್ಟಕ್ಕಿಂತ ಅಧಿಕವಾದಲ್ಲಿ ಮಾತ್ರ ಅಂತಹ ತ್ಯಾಗಬುದ್ಧಿ ನಿಸರ್ಗದ ಆಯ್ಕೆಯಲ್ಲಿ ಉಳಿದುಬರುತ್ತದೆ. ಸ್ವಂತ ಮಗನೊಡನೆ ಈ ಪ್ರಮಾಣ ಅರ್ಧ. ಸೋದರಳಿಯನೊಡನೆ ಅದರ ಅರ್ಧ. ಹೀಗಿರಲು ತುಳುನಾಡಿನ ಮಾವನು ಹೆಚ್ಚಿನದನ್ನು ಬಿಟ್ಟು ಕಡಮೆಯದನ್ನು ಆರಿಸಿದ್ದೇಕೆ?

ಪಿತೃತ್ವವು ಸಂದಿಗ್ಧ, ಸಹೋದರಿಯ ಮಗುವಿನೊಡನೆ ಸಂಬಂಧವಾದರೋ ನಿಶ್ಚಿತ, ಎಂಬ ಉತ್ತರವನ್ನು 1974ರಲ್ಲಿ ಅಲೆಕ್ಸಾಂಡರ್ ಎಂಬ ಜೀವವಿಜ್ಞಾನಿ ಮುಂದಿಟ್ಟನು. ಈ ಉತ್ತರವನ್ನು ನಾನು ಒಪ್ಪಲಾರೆ. ಅದು ನಮ್ಮ ಪೂರ್ವಮಾತೆಯರ ಶೀಲವನ್ನು ನಿರಾಧಾರವಾಗಿ ಶಂಕಿಸುತ್ತದೆಂಬುದಷ್ಟೇ ಅಲ್ಲ, ಲೆಕ್ಕಕ್ಕೂ ನಿಲ್ಲುವುದಿಲ್ಲ. ತಂದೆಯ ವಿಷಯದ ಸಂಶಯ ಸಹೋದರಿಯೊಡನಿರುವ ಸಂಬಂಧವನ್ನೂ ಕುಗ್ಗಿಸುವುದರಿಂದ, 100 ಮಕ್ಕಳಲ್ಲಿ ಸುಮಾರು 73ಕ್ಕೂ ಮಿಕ್ಕವರು ಪರಪುರುಷರಿಗೆ ಹುಟ್ಟಿದ್ದರೆ ಮಾತ್ರ ಅಳಿಯನು ಮಗನಿಗಿಂತ ಹತ್ತಿರದವನಾದಾನು.

ಹೋಲ್ಡನ್, ಸಿಯರ್, ಮೇಸ್ ಎಂಬ ವಿದುಷಿಯರು 2003ರಲ್ಲಿ ಪ್ರಶ್ನೆಯನ್ನೇ ಬೇರೊಂದು ಕಡೆಯಿಂದ ಕೇಳಿದರು: ಮಾವನನ್ನು ಬಿಟ್ಟು ಅಜ್ಜ ಅಜ್ಜಿಯರ ದೃಷ್ಟಿಯಿಂದ ನೋಡಿದರೆ, ಆಸ್ತಿಯನ್ನು ಮಗಳ ಸಂತತಿಗೆ ಇಡುವುದು ಅಸಹಜವೇನೂ ಅಲ್ಲ, ಏಕೆಂದರೆ ಮಗನ ಮಕ್ಕಳಿಗಿಂತ ಮಗಳ ಮಕ್ಕಳು ತಮ್ಮವರೆಂಬುದು ಹೆಚ್ಚು ನಿಶ್ಚಿತ, ಆಸ್ತಿಯಿಂದ ಗಂಡುಮಗನ ಸಂತಾನ ವಿಶೇಷವಾಗಿ ವೃದ್ಧಿಸುವಲ್ಲಿ ಮಾತ್ರ ಈ ತೂಕ ಮಗುಚುತ್ತದೆ. ಆಫ್ರಿಕದ ಬಾಂಟು ಜನಾಂಗಗಳಲ್ಲಿ ಗೋಸಂಪತ್ತು ಬಂದೆಡೆ ಮಾತೃಮೂಲ ಪದ್ಧತಿ ಅಳಿದುದನ್ನು ಹೋಲ್ಡನ್ ಮತ್ತು ಮೇಸ್ ತೋರಿಸಿದ್ದಾರೆ. ನಮ್ಮಲ್ಲಾದರೋ ಕಂಬಳದ ಕೋಣಗಳಿದ್ದೂ ಕಟ್ಟು ಉಳಿಯಿತು. ಇಲ್ಲಿ ಐಶ್ವರ್ಯದ ನೆಲೆ ಬೈಲುಗದ್ದೆ, ಕೋಣ ಅದರ ಉಳುಮೆಯ ಸಂಗಾತಿ. ಅಟ್ಟಿಕೊಂಡು ಹೋಗಲಾಗದ ಆ ಗದ್ದೆ ಹೆಣ್ಣಿನ ಮನೆಯಲ್ಲಿಯೇ ನಿಂತಿತೆಂದು ನನಗೆ ತೋರುತ್ತದೆ.

ಜನಪದರ ಉತ್ತರ ಬೇರೆ. ಕುಂಡೋದರನೆಂಬ ಭೂತ ಬಲಿ ಬೇಡಿದಾಗ ರಾಣಿ ತನ್ನ ಮಗನನ್ನು ಕೊಡಲೊಪ್ಪದೆ, ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳೆಂದೂ, ಬದುಕುಳಿದ ಆ ಬಾಲಕನೇ ಭೂತಾಳಪಾಂಡ್ಯನಾಗಿ ಈ ಕಟ್ಟನ್ನು ವಿಧಿಸಿದನೆಂದೂ ಒಂದು ಐತಿಹ್ಯ. ಯಾರಿಗಾಗಿ ಯಾರು ಎಷ್ಟನ್ನು ತ್ಯಜಿಸುವರೆಂಬ ಹ್ಯಾಮಿಲ್ಟನ್ನನ ಪ್ರಶ್ನೆಯನ್ನೇ ನಮ್ಮ ಹಿರಿಯರು ಕಥೆಯಾಗಿ ಕೇಳಿಕೊಂಡಿದ್ದರೆಂಬುದು ನನಗೆ ಅತ್ಯಂತ ಗೌರವದ ವಿಷಯ.

ಆದರೆ ಕಟ್ಟು ಎಷ್ಟೇ ಬಲವಾಗಿದ್ದರೂ ತಂದೆಯ ಹೃದಯ ಮಾರ್ಪಡಲಿಲ್ಲ. ಸ್ವಾರ್ಜಿತವನ್ನು ತಮ್ಮ ಮಕ್ಕಳಿಗೆ ಬಿಟ್ಟುಕೊಡುವ ಹಂಬಲ ತಂದೆಯರಲ್ಲಿ ಇದ್ದೇ ಇದ್ದಿತು. 1949ರ ಅಳಿಯಸಂತಾನ ಕಾಯಿದೆ ಕವರುಗಳಿಗೆ, ಎಂದರೆ ಕುಟುಂಬದ ಹೆಣ್ಣುಮೂಲದ ಶಾಖೆಗಳಿಗೆ, ಪಾಲಿನ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ ಸ್ವಂತ ಮಕ್ಕಳೂ ವಾರಸುದಾರರಾದರು. ನೆಲದ ಹಾದಿ ತಿರುಗಿದರೂ ಬರಿ ಇಂದಿಗೂ ತಾಯಿಯದೇ, ಮದುವೆಯ ಮಾತುಕತೆಯಲ್ಲಿ ಅದನ್ನು ವಿಚಾರಿಸದೆ ಬಿಡುವವರು ವಿರಳ. ಮೂಡುಬಿದಿರೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ: ಕುಟುಂಬಗಳ ಪಾಲುಪತ್ರಗಳನ್ನು ಆಯಾ ಮನೆಯವರ ಅನುಮತಿಯಿಂದ ಓದಿ, ಯಾವ ಮಾವ ಅಳಿಯನಿಗೆ ಏನನ್ನು ಬಿಟ್ಟನು, ಯಾವ ತಂದೆ ಮಕ್ಕಳಿಗೆ ಏನನ್ನು ದಾನವಿತ್ತನು ಎಂಬುದನ್ನು ತಲೆಮಾರು ತಲೆಮಾರಾಗಿ ಬರೆದಿಡಿರಿ, ಇದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ಆಗಬೇಕಾಗಿದೆ.